ಮಗ್ಗುಲು ಬದಲಿಸುವವನು

ಬೆಟ್ಟ ಇಳಿಯುವ ರಸ್ತೆಯ ದೊಡ್ಡ ತಿರುವಿನಲ್ಲಿ ಮಣ್ಣು ಕುಸಿದು, ಅದರ ಜೊತೆಗೆ ಒಂದು ಮರವೂ ಬೇರುಸಮೇತ ಉರುಳಿ ಅಡ್ಡ ಬಿದ್ದಿತ್ತು. ಬಸ್ಸು ಮುಂದೆ ಹೋಗುವಂತಿರಲಿಲ್ಲ. ಆ ಕಿರಿದಾದ ಜಾಗದಲ್ಲಿ ಹಿಂದಕ್ಕೆ ತಿರುಗುವಂತೆಯೂ ಇರಲಿಲ್ಲ. ಡ್ರೈವರ್ ಇಂಜಿನ್ ಆರಿಸಿ, "ಬೆಳಗ್ಗೆ ಜೆಸಿಬಿ ಬಂದ್ಮೇಲೇನೇ ಇನ್ನು ನಮ್ಮ ಪ್ರಯಾಣ" ಎಂದು ಟವೆಲ್ಲನ್ನು ತಲೆಗೆ ಸುತ್ತಿಕೊಂಡ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಉಳಿದದ್ದೆಲ್ಲ ಕಂಡಕ್ಟರಮ್ಮನ ಪಾಲಿಗೆ ಬಂತು.

ಆ ಕೆಲಸದಲ್ಲಿ ಅವಳು ಬೇಕಾದಷ್ಟು ವರ್ಷ ಕಳೆದಿದ್ದಳು. ಜನ ಹಸಿವು ತಡೆದುಕೊಳ್ಳುತ್ತಾರೆ, ಚಳಿಯನ್ನೂ ತಡೆದುಕೊಳ್ಳುತ್ತಾರೆ. ಮುಂದೇನು ಎಂದು ಹೇಳುವವರು ಇಲ್ಲದೇ ಹೋದರೆ ಮಾತ್ರ ತಡೆದುಕೊಳ್ಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ಇದ್ದಬದ್ದ ಪ್ರಯಾಣಿಕರನ್ನೆಲ್ಲ ಇಳಿಸಿ, ರಸ್ತೆಯ ಪಕ್ಕದಲ್ಲಿದ್ದ ಒಂದೇ ಒಂದು ಟೀ ಅಂಗಡಿಗೆ ನುಗ್ಗಿಸಿದಳು. ಅಂಗಡಿ ಒಬ್ಬ ಅಜ್ಜಿಯದು. ಮೇಲೆ ತಗಡಿನ ಚಾವಣಿ. ಸೋರುವ ಕಡೆಗಳಲ್ಲೆಲ್ಲ ಬಕೆಟ್ಟು, ಡಬ್ಬ, ಕೊನೆಗೆ ಒಂದು ಹಳೆಯ ಹೆಲ್ಮೆಟ್ಟನ್ನೂ ಇಟ್ಟಿದ್ದಳು. ಅಜ್ಜಿ ಬಂದವರನ್ನೆಲ್ಲ ಒಮ್ಮೆ ನೋಡಿ, ಒಲೆಯ ಮೇಲಿದ್ದ ಪಾತ್ರೆಗೆ ಇನ್ನಷ್ಟು ನೀರು ಸುರಿದಳು.

ಬೆಂಚುಗಳ ಮೇಲೆ ಕೂರಲು ಜಾಗವಿತ್ತು, ಮಲಗಲು ಇರಲಿಲ್ಲ. ಕಂಡಕ್ಟರಮ್ಮ ಅದನ್ನೇ ಯೋಚಿಸುತ್ತಿರುವಾಗ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದ ಪ್ರಯಾಣಿಕನೊಬ್ಬ ಎದ್ದು ನಿಂತ.

"ಮೇಡಂ, ಎದುರುಗಡೆ ಇಳಿಜಾರಲ್ಲಿ ಒಂದು ಬೋರ್ಡ್ ನೋಡಿದೆ. 'ಕಲ್ಲಾಗುವ ಗುಹೆ, ವಸ್ತು ಸಂಗ್ರಹಾಲಯ' ಅಂತ. ಬಣ್ಣ ಹೋಗಿದೆ, ಆದ್ರೂ ಓದಬಹುದು. ಗುಹೆ ಅಂದ್ರೆ ಚಾವಣಿ ಸೋರಲ್ವಲ್ಲ, ಎಲ್ಲರೂ ಅಲ್ಲೇ ಕಾಲು ಚಾಚಬಹುದು. ನನಗೂ ನಾಲ್ಕು ಫೋಟೊ ಸಿಗತ್ತೆ."

ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡಿದ್ದ ವ್ಯಾಪಾರಿ ಆಗಲೇ ಎದ್ದ. ಡ್ರೈವರ್ ಕೂಡ ಟಾರ್ಚ್ ಹುಡುಕಲು ಶುರುಮಾಡಿದ. ಕಂಡಕ್ಟರಮ್ಮನಿಗೂ ಅದು ಒಳ್ಳೆಯ ಮಾತೆಂದೇ ತೋರಿತು. ಬಾಗಿಲ ಬಳಿ ಹೋದ ಡ್ರೈವರ್ ಚಪ್ಪಲಿ ಮೆಟ್ಟಲು ಪಕ್ಕದ ಕಟ್ಟೆಯ ಮೇಲೆ ಕೈ ಊರಿದ. ಅಲ್ಲಿ ಬಿಳಿ ಕಲ್ಲಿನಲ್ಲಿ ಕೆತ್ತಿದಂಥ ಒಂದು ಕೆಟಲ್ ಇತ್ತು. ಅವನ ಕೈ ತಾಗಿ ಅದು ಸ್ವಲ್ಪ ಅಲುಗಿತು.

"ಅದರ ಮೂತಿ ಗೋಡೆ ಕಡೆಗೇ ಇರಲಿ ಕಣಪ್ಪ," ಎಂದಳು ಅಜ್ಜಿ. ಬಂದಾಗಿನಿಂದ ಅವಳು ಆಡಿದ ಮೊದಲ ಮಾತು ಅದು.

"ಯಾಕಜ್ಜಿ, ಬಾಗಿಲ ಕಡೆ ತಿರುಗಿದ್ರೆ ಟೀ ಹೊರಗೆ ಓಡಿಹೋಗತ್ತಾ?"

"ನೀನು ನಗು. ನಗೋಕೇನು ಕಾಸು ಕೊಡಬೇಕಾ?" ಅಜ್ಜಿ ಕೆಟಲ್‌ನ ಮೂತಿಯನ್ನು ಸರಿಯಾಗಿ ಗೋಡೆಯ ಕಡೆಗೆ ತಿರುಗಿಸಿಟ್ಟು, ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಹೋಗೋರು ಹೋಗಬಹುದು, ನಾನ್ಯಾರು ತಡೆಯೋಕೆ. ಒಂದು ಲೋಟ ಟೀ ಕುಡಿಯೋವಷ್ಟು ಹೊತ್ತು ಕೂತು ನನ್ನ ಮಾತು ಕೇಳಿ. ಆಮೇಲೂ ಹೋಗಬೇಕು ಅನ್ನಿಸಿದ್ರೆ ಟಾರ್ಚ್ ನಾನೇ ಕೊಡ್ತೀನಿ."

ಹೊರಗೆ ಮಳೆ ಇನ್ನೊಂದು ಸುತ್ತು ಜೋರಾಯಿತು. ನಿಂತವರು ಕೂತರು. ಕಂಡಕ್ಟರಮ್ಮ ಟೀ ಲೋಟಗಳನ್ನು ಹಂಚಲು ನೆರವಾಗಿ, ತಾನೂ ಒಲೆಗೂ ಬಾಗಿಲಿಗೂ ನಡುವೆ ಜಾಗ ಮಾಡಿಕೊಂಡಳು. ಅಜ್ಜಿ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಶುರುಮಾಡಿದಳು.

"ಆ ಗುಹೆ ಇದೆಯಲ್ಲ, ಅದನ್ನ ಯಾರೂ ಕೊರೆದದ್ದಲ್ಲ. ಬೆಟ್ಟ ತಾನಾಗೇ ಬಾಯಿ ಬಿಟ್ಕೊಂಡು ಕೂತಿದೆ. ಒಳಗೆ ಹೋದ್ರೆ ಉದ್ದಕ್ಕೆ ಹಜಾರದ ಥರ, ಹಿಂದುಗಡೆ ಮೇಲಿಂದ ನೀರು ತೊಟ್ಟಿಕ್ತಾನೇ ಇರತ್ತೆ... ಬೇಸಿಗೆ ಅಂತಿಲ್ಲ, ಮಳೆ ಅಂತಿಲ್ಲ. ಸುಣ್ಣ ಕರಗಿದ ನೀರು ಅದು. ನೀರು ಕಾಯಿಸಿ ಕಾಯಿಸಿ ಪಾತ್ರೆ ತಳದಲ್ಲಿ ಬೆಳ್ಳಗೆ ಗಟ್ಟಿ ಪದರ ಕೂತ್ಕೊಳತ್ತೆ ನೋಡಿ, ಅಂಥದ್ದೇ. ಆ ತೊಟ್ಟಿನ ಕೆಳಗೆ ಏನು ನೇತುಹಾಕಿದ್ರೂ ಅದರ ಮೇಲೆ ಪದರದ ಮೇಲೆ ಪದರ ಕೂತು ಕಲ್ಲಾಗಿಬಿಡತ್ತೆ. ಅಲ್ಲಿದ್ದ ಯಜಮಾನ, ನಾನು ಅಂಗಡಿ ಹಾಕೋಕೆ ಬಂದಾಗಲೇ ಮುದುಕ, ಒಂದು ಸಲ ತನ್ನ ಟೋಪೀನ ಅಲ್ಲೊಂದು ಮೊಳೆಗೆ ಸಿಗಿಸಿ ಮರೆತನಂತೆ. ಎಷ್ಟೋ ಕಾಲ ಆದ್ಮೇಲೆ ಹೋಗಿ ನೋಡಿದ್ರೆ ಕಲ್ಲಿನ ಟೋಪಿ. ಅಷ್ಟೇ, ಹಿಡೀತು ನೋಡಿ ಹುಚ್ಚು. ಬೂಟು ತೂಗುಹಾಕಿದ, ಛತ್ರಿ ತೂಗುಹಾಕಿದ, ಬಟ್ಟೆ ಗೊಂಬೆ, ಟೆಲಿಫೋನು, ಒಂದು ಇಡೀ ಸೈಕಲ್ಲು... ಕೊನೆಗೆ ತನ್ನ ಹಲ್ಲುಸೆಟ್ಟನ್ನೂ ಬಿಡಲಿಲ್ಲ. ಅದು ಕಲ್ಲಾಗೋವರೆಗೂ ಬ್ರೆಡ್ಡನ್ನ ಹಾಲಲ್ಲಿ ಅದ್ದಿ ತಿಂದ್ಕೊಂಡಿದ್ದ ಪುಣ್ಯಾತ್ಮ. ರಸ್ತೇಲಿ ಹೋಗೋ ಕಾರು, ಬಸ್ಸು ಎಲ್ಲ ನಿಲ್ಲೋಕೆ ಶುರುವಾದವು. ನನ್ನ ವ್ಯಾಪಾರ ನಡೆದದ್ದೂ ಅದರ ಋಣದಲ್ಲೇ.

"ಮುದುಕನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡೋನು ಮಾತಿನ ಮಲ್ಲ. ಬೆಳಗ್ಗೆ ಶುರುವಾದ ಬಾಯಿ ರಾತ್ರೀನೇ ನಿಲ್ಲೋದು. ಅದಕ್ಕೇ ಎಲ್ಲರೂ ಅವನನ್ನ ರೇಡಿಯೋ ಅಂತಿದ್ವಿ. ಜನರನ್ನ ಒಳಗೆ ಕರ್ಕೊಂಡು ಹೋಗಿ ತೋರಿಸೋದು ಅವನ ಕೆಲಸ. 'ಬನ್ನಿ, ಬನ್ನಿ, ಕಣ್ಣಿಂದ ನೋಡಿ, ಕೈಯಿಂದ ಮುಟ್ಟಬೇಡಿ'... ಅವನು ಅಲ್ಲಿ ಕೂಗಿದ್ರೆ ಇಲ್ಲಿ ನನ್ನ ಒಲೆ ಹತ್ತಿರ ಕೇಳಿಸೋದು. ಚಿಕ್ಕೋನು ಮಾತೇ ಆಡ್ತಿರಲಿಲ್ಲ. ತುದೀಲಿ ಕಬ್ಬಿಣದ ಕೊಕ್ಕೆ ಇರೋ ಉದ್ದದ ಕೋಲು ಹಿಡ್ಕೊಂಡೇ ಓಡಾಡ್ತಿದ್ದ. ಅವನ ಹೆಸರೂ ಕೊಕ್ಕೆ ಅಂತಲೇ ಆಯ್ತು. ಆ ಕೋಲು ಯಾಕೆ ಅಂತೀರಾ? ಅದನ್ನ ಹೇಳದೇ ಹೋದ್ರೆ ಈ ಕತೆ ಅರ್ಥ ಆಗಲ್ಲ.

"ನೇತುಹಾಕಿದ ಸಾಮಾನನ್ನ ಹಾಗೇ ಬಿಟ್ಟುಬಿಟ್ರೆ ನೀರು ಒಂದೇ ಕಡೆ ಇಳಿದು, ಒಂದೇ ಮಗ್ಗುಲಲ್ಲಿ ಕಲ್ಲು ಬೆಳೆದು, ಪಕ್ಕದ ಸಾಮಾನಿಗೋ ಗೋಡೆಗೋ ಅಂಟ್ಕೊಂಡುಬಿಡತ್ತೆ. ಅಂಟಿತು ಅಂದ್ರೆ ಮುಗೀತು, ಆಮೇಲೆ ಅದು ಬೆಟ್ಟದ ಪಾಲು. ಅದಕ್ಕೇ ಪ್ರತಿ ಶುಕ್ರವಾರ ಒಂದೊಂದನ್ನೂ ಕೊಕ್ಕೆಯಿಂದ ಕಾಲು ಸುತ್ತು ತಿರುಗಿಸಬೇಕು. ಬರೀ ಕಾಲು ಸುತ್ತು. ಜಾಸ್ತಿ ತಿರುಗಿಸಿದ್ರೆ ಎಳೆ ಪದರ ಬಿರುಕು ಬಿಡತ್ತೆ. ಅವರ ಮನೇಲಿ ಅದಕ್ಕೆ ಮಗ್ಗುಲು ಬದಲಿಸೋದು ಅಂತಿದ್ರು. ನಿದ್ದೆ ಮಾಡೋ ಕೂಸನ್ನ ತಾಯಿ ಆ ಕಡೆಯಿಂದ ಈ ಕಡೆಗೆ ತಿರುಗಿಸಿ ಮಲಗಿಸ್ತಾಳಲ್ಲ, ಹಾಗೆ. ಕೊಕ್ಕೆ ಚಿಕ್ಕ ವಯಸ್ಸಿಂದ ಆ ಒಂದೇ ಕೆಲಸ ಮಾಡಿದೋನು. ಜ್ವರ ಬಂದು ನಡುಗ್ತಿದ್ರೂ ಶುಕ್ರವಾರ ತಪ್ಪಿಸಿದವನಲ್ಲ. ಅಪ್ಪ ಸತ್ತ ದಿನ ಶುಕ್ರವಾರ. ಮಣ್ಣು ಮಾಡಿ ಬಂದವನು ಬಟ್ಟೆ ಬದಲಿಸದೆ ಏಣಿ ಹತ್ತಿದ್ದ. ಈ ಕೆಟಲ್ ನಂದೇ. ತಳ ತೂತಾಯ್ತು ಅಂತ ಎಸೆಯೋಕೆ ಹೊರಟಿದ್ದೆ, ಅವನು ಬಂದು ಕೈ ಚಾಚಿದ. ನೋಡಿ, ಸುತ್ತ ಒಂದೇ ಸಮ ಕೂತಿದೆ ಕಲ್ಲು. ಎಲ್ಲೂ ಗಂಟಿಲ್ಲ. ಅಂಥ ಕೈ ಅವನದು."

ಕಂಡಕ್ಟರಮ್ಮ ಕೆಟಲ್ ಕಡೆ ನೋಡಿದಳು. ನಿಜವೇ, ಮೊಟ್ಟೆಯ ಚಿಪ್ಪಿನಂತೆ ನಯವಾಗಿತ್ತು. ಮೂತಿ ಗೋಡೆಯ ಕಡೆಗಿತ್ತು.

"ಇನ್ನು ರೇಡಿಯೋ ಹೆಂಡತಿ," ಅಜ್ಜಿ ಮುಂದುವರಿಸಿದಳು. "ಗುಹೆ ಬಾಯಲ್ಲಿ ಮೇಜು ಹಾಕ್ಕೊಂಡು ಟಿಕೆಟ್ ಹರೀತಿದ್ಲು, ಅದಕ್ಕೇ ಅವಳು ನಮಗೆಲ್ಲ ಟಿಕೆಟ್ ಅಕ್ಕ. ನನಗಿಂತ ವಯಸ್ಸಲ್ಲಿ ಚಿಕ್ಕೋಳು, ಆದ್ರೂ ಅಕ್ಕ. ದಿನಕ್ಕೆ ನಾಲ್ಕು ಸಲ ರಸ್ತೆ ದಾಟಿ ಟೀಗೆ ಬರೋಳು. ಗಂಡನನ್ನ ಬೈತಾನೇ ಬರೋಳು. 'ಉಸಿರು ಬಿಡೋಕೆ ಮುಂಚೆ ಅದನ್ನೂ ನನಗೆ ಹೇಳಿಯೇ ಬಿಡ್ತಾರೆ ಇವರು, ನನ್ನ ಕಿವಿಗೆ ರಜಾನೇ ಇಲ್ಲ' ಅನ್ನೋಳು. ಹಾಗೆ ಬೈಯೋ ಹೆಂಡತೀನ ನೋಡಿ ನೀವು ಏನು ತಿಳ್ಕೋತೀರಿ? ಪ್ರಾಣ ಇಟ್ಕೊಂಡಿದ್ಲು ಅವನ ಮೇಲೆ.

"ಜನ ಬರೋದು ಕಡಿಮೆಯಾಯ್ತು. ಒಂದು ಸಲ ನೋಡಿದೋರು ಇನ್ನೊಂದು ಸಲ ಯಾಕೆ ಬರ್ತಾರೆ ಹೇಳಿ? ಆಗ ರೇಡಿಯೋ ಹೊಸ ಆಟ ಕಂಡುಹಿಡಿದ. ಭಾನುವಾರ ಭಾನುವಾರ ಒಂದು ಸಾಮಾನನ್ನ ಕೆಳಗಿಳಿಸಿ, ಜನರೆದುರು ಸುತ್ತಿಗೆಯಿಂದ ಒಡೆಯೋದು. 'ಒಳಗೆ ಏನಿದೆ ನೋಡ್ತೀರಾ?' ಅಂತ ಕೂಗೋದು, ಒಂದೇಟು ಹಾಕೋದು. ಕಲ್ಲು ಬಿರಿದ್ರೆ ಒಳಗೆ ಗೊಂಬೆಯ ಬಟ್ಟೆ ಹಾಗೇ ಕೆಂಪಗೆ, ಹತ್ತಿ ಹಾಗೇ ಮೆತ್ತಗೆ. ಜನ ಚಪ್ಪಾಳೆ ಹೊಡೆದು ಹೊಡೆದು ಸಾಕಾದ್ರು. ಕೊಕ್ಕೆ ಹಿಂದೆ ನಿಂತು ನೋಡ್ತಿದ್ದ. ಎರಡು ವರ್ಷ ಕೂಸಿನ ಹಾಗೆ ಮಗ್ಗುಲು ಬದಲಿಸಿ ಬೆಳೆಸಿದ್ದನ್ನ ಒಂದೇಟಿಗೆ... ಅವನ ಮುಖ ನೋಡೋಕಾಗ್ತಿರಲಿಲ್ಲ. 'ಬೇಡ ಅಣ್ಣ' ಅಂತ ಒಂದು ಸಲ ಅಂದನಂತೆ. ಅಣ್ಣ ಬೆನ್ನು ತಟ್ಟಿ, 'ಇನ್ನೊಂದು ಮಾಡೋ, ನೀರೇನು ಖಾಲಿಯಾಗತ್ತಾ' ಅಂದನಂತೆ. ಕೆಟ್ಟವನಲ್ಲ ರೇಡಿಯೋ. ಬಾಯಿ ದೊಡ್ಡದಾದವರಿಗೆ ಕಣ್ಣು ಸ್ವಲ್ಪ ಸಣ್ಣದು, ಅಷ್ಟೇ.

"ಆಮೇಲೊಂದು ಭಾನುವಾರ ರೇಡಿಯೋ ಅಪ್ಪನ ಟೋಪೀನ ಕೆಳಗಿಳಿಸಿದ. ಆ ಮೊದಲನೇ ಟೋಪಿ. ಒಡೆದ. ಒಳಗೆ ಬಟ್ಟೆ ಇತ್ತು, ಬಟ್ಟೆಯ ಅಂಚಲ್ಲಿ ಮುದುಕನ ಎರಡು ಬಿಳಿ ಕೂದಲು ಅಂಟಿಕೊಂಡಿದ್ವು. ಅದನ್ನೂ ಎತ್ತಿ ಜನರಿಗೆ ತೋರಿಸಿದ... ಆವತ್ತು ಸಂಜೆಯಿಂದ ರೇಡಿಯೋ ಕಾಣಲಿಲ್ಲ.

"'ಲಾರಿ ಹತ್ಕೊಂಡು ಪೇಟೆಗೆ ಹೋದ' ಅಂದ ಕೊಕ್ಕೆ. 'ಯಾಕೆ' ಅಂದ್ರೆ 'ಹೇಳಲಿಲ್ಲ' ಅಂದ. ಪೊಲೀಸಿನವರು ಬಂದು ಗುಹೆಯೊಳಗೆ ಒಂದು ಸುತ್ತು ಹಾಕಿದ್ರು. ತೀರಾ ಹಿಂದೆ ಒಂದು ತಗ್ಗಿದೆ, ಅಲ್ಲಿ ನೀರು ತೊಟ್ಟಲ್ಲ, ಧಾರೆಯೇ ಇಳಿಯತ್ತೆ. ಅದರ ಮುಂದೆ ಕೊಕ್ಕೆ ಟಾರ್ಪಾಲು ಕಟ್ಟಿ, 'ಬಂಡೆ ಜಾರುತ್ತದೆ' ಅಂತ ಬರೆದಿದ್ದ. ಅವರು ಟಾರ್ಪಾಲಿನವರೆಗೆ ಹೋದ್ರು, ಬೂಟು ಒದ್ದೆಯಾಗತ್ತೆ ಅಂತ ವಾಪಸ್ ಬಂದ್ರು. ನಿಮಗೆ ಇಷ್ಟಕ್ಕೇ ಅರ್ಥವಾಗಿರತ್ತೆ. ಕತೆ ಕೇಳೋರಿಗೆ ಬೇಗ ಅರ್ಥ ಆಗತ್ತೆ. ಅದರೊಳಗೆ ಬದುಕೋರಿಗೆ ಆಗಲ್ಲ. ಜನ ಏನಂದ್ರು? ಯಾವಳನ್ನೋ ಕಟ್ಕೊಂಡು ಓಡಿಹೋದ ಅಂದ್ರು. ಇದೇ ಬೆಂಚಲ್ಲಿ ಕೂತು, ನನ್ನ ಟೀ ಕುಡೀತಾ ಅಂದ್ರು. ಟಿಕೆಟ್ ಅಕ್ಕನ ಕಿವಿಗೆ ಬೀಳೋ ಹಾಗೇ ಅಂದ್ರು. ಅವಳ ತವರಿನವರು ಕರೆಯೋಕೆ ಬಂದ್ರೆ ಹೋಗಲಿಲ್ಲ. ನನ್ನ ಹತ್ತಿರ ಹೇಳಿದ್ಲು, 'ನಾನು ಗಂಡ ಬಿಟ್ಟುಹೋದವಳೋ, ಗಂಡನ್ನ ಕಳ್ಕೊಂಡವಳೋ, ಅದೊಂದು ಗೊತ್ತಾಗಲಿ. ಯಾವುದಾದ್ರೂ ಸರಿ, ಗೊತ್ತಾದ ದಿನ ಇಲ್ಲಿಂದ ಎದ್ದು ಹೋಗ್ತೀನಿ.' ಮಳೆಗಾಲ ಒಂದಾಯ್ತು, ಇನ್ನೊಂದೂ ಬಂತು. ಅವಳು ಟಿಕೆಟ್ ಹರೀತಾನೇ ಕೂತಿದ್ಲು.

"ಆಗ ಶುರುವಾಯ್ತು ನೋಡಿ. ಬೆಳಗ್ಗೆ ಗೇಟು ತೆಗೆದು ಒಳಗೆ ಹೋದ್ರೆ ಸಾಮಾನೆಲ್ಲ ಹಿಂದಕ್ಕೆ ತಿರುಗಿರೋದು. ಬೂಟಿನ ಮೂತಿ, ಗೊಂಬೆಯ ಮುಖ, ಸೈಕಲ್ಲಿನ ಹ್ಯಾಂಡಲ್ಲು, ನನ್ನ ಈ ಕೆಟಲ್ಲಿನ ಮೂತಿ... ಎಲ್ಲವೂ ಒಂದೇ ಕಡೆ, ಆ ಟಾರ್ಪಾಲಿನ ಕಡೆ. ನಾನೇ ಒಂದು ಸಲ ಟೀ ಕೊಡೋಕೆ ಹೋದಾಗ ನೋಡಿದ್ದೀನಿ. ಯಾರೋ ಒಬ್ಬರು ಮಾತಾಡ್ತಾ ನಿಂತಿದ್ದಾರೆ, ಇಡೀ ಸಭೆ ಅವರನ್ನೇ ನೋಡ್ತಾ ಕೂತಿದೆ, ಹಾಗಿತ್ತು. ಕೊಕ್ಕೆ ಬಂದು ಎಲ್ಲವನ್ನೂ ಸರಿಯಾಗಿ ತಿರುಗಿಸಿಡೋನು. ಮಾರನೇ ದಿನ ಮತ್ತೆ ಹಾಗೇ. ಅವನ ಕೆನ್ನೆ ಒಳಗೆ ಹೋಯ್ತು, ಕಣ್ಣು ಗುಳಿ ಬಿತ್ತು. ಕೆಲಸ ಮಾತ್ರ ಬಿಡಲಿಲ್ಲ.

"ಟಿಕೆಟ್ ಅಕ್ಕ ಕಿವಿಯಿಂದ ಕಂಡುಹಿಡಿದ್ಲು. ಅಷ್ಟು ವರ್ಷ ಆ ಮೇಜಿನ ಹಿಂದೆ ಕೂತವಳಿಗೆ ಒಳಗೆ ನೋಡೋದೇ ಬೇಕಿರಲಿಲ್ಲ. ಶುಕ್ರವಾರ ಏಣಿ ಎಲ್ಲಿ ಊರಿದ, ಯಾವ ಸರಪಳಿ ಕಿರ್ ಅಂತು, ಎಲ್ಲ ಗೊತ್ತು. ಕಡೇದು ಸೈಕಲ್ಲು, ಅದರ ಚಕ್ರ ಒಂದು ಸಲ ಕಟಕ್ ಅಂದ್ರೆ ಕೆಲಸ ಮುಗೀತು ಅಂತ. ಒಂದು ಶುಕ್ರವಾರ ಮಧ್ಯಾಹ್ನ, ಹೀಗೇ ಮಳೆ, ಒಬ್ಬ ಗಿರಾಕಿ ಇಲ್ಲ. ಎದುರಿಗೆ ರಸ್ತೇಲಿ ಗಾಡಿ ಸದ್ದೂ ಇಲ್ಲ. ಸೈಕಲ್ಲು ಕಟಕ್ ಅಂತು. ಅದಾದ್ಮೇಲೆ... ಟಾರ್ಪಾಲು ಸರಿದ ಸದ್ದು. ಆಮೇಲೆ ಗಂಡಸೊಬ್ಬ ಉಸಿರು ಬಿಗಿಹಿಡಿದು ಭಾರದ್ದೇನನ್ನೋ ಹೊರಳಿಸೋ ಸದ್ದು. 'ಹ್ಞೂಂ' ಅಂತ. ಕಾಲು ಸುತ್ತು ಹೊರಳಿಸೋವಷ್ಟೇ ಹೊತ್ತು.

"ಅಷ್ಟು ಭಾರದ ಸಾಮಾನು ಆ ಗುಹೇಲಿ ಇರಲಿಲ್ಲ.

"ಈಗ ನೀವೇ ಹೇಳಿ. ಬೇರೆ ಯಾವ ಕೊಲೆಗಾರ ಆದ್ರೂ ಏನು ಮಾಡ್ತಿದ್ದ? ಹೆಣಾನ ಆ ಧಾರೆ ಕೆಳಗೆ ಬಿಟ್ಟು, ಮತ್ತೆ ಆ ಕಡೆ ತಲೆ ಹಾಕ್ತಿರಲಿಲ್ಲ. ಎರಡು ವರ್ಷದಲ್ಲಿ ಅದು ಬಂಡೆಗೆ ಅಂಟಿ, ಬಂಡೆಯೇ ಆಗಿ, ಬೆಟ್ಟದ ಹೊಟ್ಟೇಲಿ ಸೇರಿಹೋಗ್ತಿತ್ತು. ದೇವರು ಬಂದ್ರೂ ಗುರುತು ಸಿಗ್ತಿರಲಿಲ್ಲ. ಆದ್ರೆ ಕೊಕ್ಕೆ ಕೈಗೆ ಅದು ಬರಲ್ವಲ್ಲ. ನೀರಿನ ಕೆಳಗೆ ಒಂದು ವಸ್ತು ಇದೆ, ಶುಕ್ರವಾರ ಆಯ್ತು, ಮಗ್ಗುಲು ಬದಲಿಸದೆ ಬಿಡೋದು ಹೇಗೆ? ತಾನೇ ಕೊಂದ ಅಣ್ಣನನ್ನ ವಾರ ವಾರ ತಾನೇ ಹೋಗಿ, ಒಂದು ಗಂಟೂ ಬೀಳದ ಹಾಗೆ, ಎಲ್ಲೂ ಅಂಟದ ಹಾಗೆ... ಅಂಟದ ಹಾಗೆ, ಕೇಳಿಸ್ಕೊಂಡ್ರಾ? ಬೆಟ್ಟ ಅವನನ್ನ ಹಿಡ್ಕೊಳ್ಳೋಕೆ ಬಂದಾಗೆಲ್ಲ ಇವನೇ ಬಿಡಿಸಿ ಬಿಡಿಸಿ ಇಟ್ಟಿದ್ದ."

ಯಾರೋ ಲೋಟ ಕೆಳಗಿಟ್ಟರು. ಬಟ್ಟೆ ವ್ಯಾಪಾರಿ ತನ್ನ ಗಂಟನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಿದ್ದ. ಕಂಡಕ್ಟರಮ್ಮ ಒಲೆಗೆ ಒಂದು ಸೌದೆ ತಳ್ಳಿದಳು; ಕೈ ಖಾಲಿ ಇರುವುದು ಅವಳಿಗೆ ಬೇಡವಾಗಿತ್ತು.

"ಅವನು ಹೊರಗೆ ಬಂದು ಏಣಿ ಒಳಗಿಡೋಕೆ ಶೆಡ್ಡಿಗೆ ಹೋದ. ಟಿಕೆಟ್ ಅಕ್ಕ ಮೇಜಿನ ಮೇಲಿದ್ದ ಟಾರ್ಚ್ ತಗೊಂಡು ನೇರ ಒಳಗೆ ನಡೆದ್ಲು. ಟಾರ್ಪಾಲು ಎತ್ತಿದ್ಲು. ಧಾರೆಯ ಕೆಳಗೆ ಒಬ್ಬ ಮನುಷ್ಯ ಮಗ್ಗುಲಾಗಿ ಮಲಗಿದ್ದ... ಬೆಳ್ಳಗೆ, ನಯವಾಗಿ, ಈ ಕೆಟಲ್ಲಿನ ಹಾಗೇ. ತುಟಿ ಇತ್ತು, ರೆಪ್ಪೆ ಇತ್ತು, ಅಂಗಿಯ ಗುಂಡಿ ಇತ್ತು, ಎಲ್ಲ ಕಲ್ಲು. ತಲೆಯ ಹಿಂದುಗಡೆ ಮಾತ್ರ ಒಂದು ತೂತು, ಕೊಕ್ಕೆಯ ತುದಿ ಹೋಗಿ ಬರೋವಷ್ಟು. ಅದರ ಅಂಚಿಗೂ ಕಲ್ಲು ಕಟ್ಟಿತ್ತು. ಬಾಯಿ ಅರ್ಧ ತೆಗೆದಿತ್ತು. ಮಾತಾಡ್ತಾ ಮಾತಾಡ್ತಾನೇ ಹೊಡೆತ ಬಿದ್ದಿತ್ತು ಅವನಿಗೆ.

"ಅವಳು ಕಿರುಚಲಿಲ್ಲ. ಆ ಕಲ್ಲಿನ ಕೆನ್ನೆ ಮೇಲೆ ಕೈ ಇಟ್ಟು ಕೂತ್ಕೊಂಡ್ಲು. ಅಷ್ಟರಲ್ಲಿ ಹಿಂದಿನಿಂದ, 'ಅತ್ತಿಗೆ, ಅದು ಇನ್ನೂ ಎಳೇ ಪದರ, ಮುಟ್ಟಬಾರದು' ಅಂದ ಕೊಕ್ಕೆ. ಕೋಪದಲ್ಲಿ ಅಲ್ಲ, ಕೆಲಸಗಾರ ಹೇಳೋ ಹಾಗೆ. 'ಅಪ್ಪನ ಟೋಪಿ ಒಡೆದ, ಅತ್ತಿಗೆ. ಎಲ್ಲಾನೂ ಒಡೀತೀನಿ ಅಂದ. ಬಾಯಿ ಮುಚ್ಚಿಸಬೇಕಿತ್ತು' ಅಂದ. ಅವಳು ಎದ್ದು ಓಡಿದ್ಲು. ಅವನು ಕೋಲು ಬೀಸಿದ. ತಲೆಗೆ ಇಟ್ಟ ಏಟು ತಪ್ಪಿ ಕೊಕ್ಕೆ ಕಿವಿಗೆ ಸಿಕ್ಕಿ, ಅರ್ಧ ಕಿವಿ ಹರ್ಕೊಂಡು ಭುಜಕ್ಕೆ ಇಳೀತು. ಎಲುಬು ಮುರಿದ ಸದ್ದು ತನಗೇ ಕೇಳಿಸ್ತು ಅಂತಿದ್ಲು. ಬಿದ್ದವಳ ಹೊಟ್ಟೆಗೆ ಒದ್ದ. ಕೂದಲು ಹಿಡಿದು, ಅಡ್ಡ ಸಿಕ್ಕಿದ ಬೂಟು, ಗೊಂಬೆಗಳಿಗೆಲ್ಲ ಅವಳ ಮುಖ ಬಡೀತಾ ವಾಪಸ್ ಧಾರೆಯ ಹತ್ತಿರ ಎಳ್ಕೊಂಡು ಬಂದ. ನೀರೆಲ್ಲ ಕೆಂಪಾಯ್ತು. ಅವಳ ತಲೇನ ನೀರಿಗೆ ಅದುಮಿ, 'ಅಣ್ಣನ ಪಕ್ಕದಲ್ಲಿ ಜಾಗ ಇದೆ, ಅತ್ತಿಗೆ. ಇಬ್ಬರ ಮಗ್ಗುಲೂ ನಾನೇ ನೋಡ್ಕೋತೀನಿ' ಅಂದ. ಆವತ್ತಿನಷ್ಟು ಮಾತು ಅವನು ಆಡಿದ್ದು ಅದೇ ಮೊದಲು, ಅದೇ ಕೊನೆ.

"ಆಗ ಕೇಳಿಸ್ತು. 'ಕಣ್ಣಿಂದ ನೋಡಿ... ಕೈಯಿಂದ ಮುಟ್ಟಬೇಡಿ.'

"ನಾನು ಇಲ್ಲೇ, ಈ ಒಲೆ ಮುಂದೆ ನಿಂತಿದ್ದೆ. ನನಗೂ ಕೇಳಿಸ್ತು. ಎರಡು ವರ್ಷದಿಂದ ಕೇಳದೇ ಇದ್ದ ದನಿ. ಕೈಲಿದ್ದ ಸೌಟು ಬಿದ್ದುಹೋಯ್ತು.

"ಕೊಕ್ಕೆ ಅವಳನ್ನ ಬಿಟ್ಟು ತಿರುಗಿದ. ಮಲಗಿದ್ದವನು ಮಲಗಿದ ಜಾಗದಲ್ಲಿ ಇರಲಿಲ್ಲ. ಎದ್ದು ನಿಂತಿದ್ದ. ನಿಂತು, ಒಂದೊಂದೇ ಹೆಜ್ಜೆ ಬರ್ತಿದ್ದ. ಹೆಜ್ಜೆ ಇಟ್ಟಾಗೆಲ್ಲ ಮೊಣಕಾಲಿನ ಕಲ್ಲು ಬಿರಿದು ಪುಡಿ ಉದುರ್ತಿತ್ತಂತೆ. ಕೊಕ್ಕೆ ಕೋಲು ಎತ್ತಿ ಹೊಡೆದ. ಎದೆಗೆ ಹೊಡೆದ, ತೋಳಿಗೆ ಹೊಡೆದ, ಮುಖಕ್ಕೆ ಹೊಡೆದ. ಹೊಡೆದಲ್ಲೆಲ್ಲ ಕಲ್ಲು ಚಿಪ್ಪಿನ ಹಾಗೆ ಒಡೆದು ಬಿತ್ತು. ಒಳಗೆ ಏನಿತ್ತು ಗೊತ್ತಾ? ಭಾನುವಾರ ಭಾನುವಾರ ಅಣ್ಣ ಜನರಿಗೆ ತೋರಿಸ್ತಿದ್ದನಲ್ಲ, ಅದೇ. ಒಳಗೆ ಎಲ್ಲ ಹಾಗೇ ಇತ್ತು. ಹಸಿ ಮಾಂಸ, ಬಿಸಿ ರಕ್ತ. ಮುಖದ ಚಿಪ್ಪು ಬಿದ್ದ ಕಡೆ ಒಂದು ಕಣ್ಣು, ನೀರು ತುಂಬಿದ ಕಣ್ಣು, ತಮ್ಮನನ್ನೇ ನೋಡ್ತಿತ್ತು.

"ಆ ಕಲ್ಲಿನ ಕೈ ಎರಡೂ ತಮ್ಮನ ತಲೇನ ಹಿಡಿದವು. ಮೆಲ್ಲಗೆ. ಎಳೇ ಪದರದ ಸಾಮಾನನ್ನ ಹಿಡಿಯೋ ಹಾಗೆ. ಕಾಲು ಸುತ್ತು ತಿರುಗಿಸಿದವು... ಅಲ್ಲಿಗೆ ಗಂಟಲಿನ ಕೂಗು ನಿಂತಿತು. ಸ್ವಲ್ಪ ತಡೆದು ಇನ್ನೂ ಕಾಲು ಸುತ್ತು. ಕತ್ತಿನ ಒಂದೊಂದು ಎಲುಬೂ ಬೇರೆ ಬೇರೆಯಾಗಿ ಮುರಿದ ಸದ್ದು ಕೇಳಿ, ಟಿಕೆಟ್ ಅಕ್ಕ ಒಂದೇ ಕಿವಿ ಮುಚ್ಕೊಂಡ್ಲಂತೆ. ಇನ್ನೊಂದು ಮುಚ್ಚೋಕೆ ಕೈ ಏಳಲಿಲ್ಲ."

ಅಜ್ಜಿ ಟೀ ಮುಗಿಸಿ ಲೋಟ ಬೋರಲು ಹಾಕಿದಳು.

"ಅವಳು ರಸ್ತೆ ದಾಟಿ ಇಲ್ಲಿಗೆ ಬಂದ್ಲು. ಅರ್ಧ ಮುಖ ರಕ್ತ, ಒಂದು ತೋಳು ಜೋತಾಡ್ತಿದೆ. ಮೇಡಂ ಕೂತಿದ್ದಾರಲ್ಲ, ಅದೇ ಜಾಗದಲ್ಲಿ ಕೂತ್ಲು. 'ಅವರು ನನ್ನ ಬಿಟ್ಟುಹೋಗಿರಲಿಲ್ಲ ಕಣೇ' ಅಂದ್ಲು. ಆಮೇಲೆ, 'ಒಂದು ಟೀ ಕೊಡು' ಅಂದ್ಲು. ಕೊಟ್ಟೆ. ಇನ್ನೇನು ಮಾಡೋದು.

"ಪೊಲೀಸಿನವರು ಹೋಗಿ ನೋಡಿದ್ರೆ, ಕೊಕ್ಕೆ ಹೊಟ್ಟೆ ಕೆಳಗೆ ಮಾಡಿ ಬಿದ್ದಿದ್ದ, ಮುಖ ಮಾತ್ರ ಚಾವಣಿ ನೋಡ್ತಿತ್ತು. ರೇಡಿಯೋ ತನ್ನ ತಗ್ಗಿನಲ್ಲೇ ಮಲಗಿದ್ದ. ಎರಡು ವರ್ಷ ಅಂಟದೇ ಇದ್ದವನು ಆವತ್ತು ಒಂದು ಗಂಟೇಲಿ ಬಂಡೆಗೆ ಹೇಗೆ ಅಂಟಿದ್ದ ಅಂದ್ರೆ, ನಾಲ್ಕು ಜನ ಉಳಿ ಹಿಡಿದು ಇಡೀ ದಿನ ಕೆತ್ತಿ ಬಿಡಿಸಿದ್ರು. ಅವನ ಕೆಲಸ ಮುಗಿದಿತ್ತು, ಮಲಗಿದ. ಮೇಲಿಂದ ಬಂಡೆ ಬಿದ್ದು ಕೊಕ್ಕೆ ಸತ್ತ ಅಂತ ಬರ್ಕೊಂಡು ಹೋದ್ರು. ಟಿಕೆಟ್ ಅಕ್ಕ ತೋಳಿನ ಕಟ್ಟು ಬಿಚ್ಚಿದ ದಿನವೇ ಗೇಟಿಗೆ ಬೀಗ ಹಾಕಿ, ಬೀಗದ ಕೈ ನನಗೆ ಕೊಟ್ಟು, ಈ ಕೆಟಲ್ಲನ್ನೂ ನಿಂದಲ್ವಾ ಅಂತ ತಂದುಕೊಟ್ಟು, ತವರಿಗೆ ಹೋದ್ಲು. ಚೆನ್ನಾಗೇ ಬದುಕಿದ್ಲು ಅಂತ ಕೇಳಿದ್ದೀನಿ."

"ಅಂದ್ರೆ ದೆವ್ವದ ಕೆಲಸ ಮುಗೀತಲ್ಲಜ್ಜಿ," ಎಂದ ಕ್ಯಾಮೆರಾದವನು. ನಗಲು ನೋಡಿದ. "ಈಗ ಅಲ್ಲಿ ಮಲಗೋಕೇನು ಅಡ್ಡಿ?"

"ರೇಡಿಯೋದು ಮುಗೀತಪ್ಪ. ಅವನಿಗೆ ಬೇಕಾದ್ದು ಹೆಂಡತಿ ಜೀವ, ಅದು ಉಳೀತು. ಕೊಕ್ಕೆದು ಎಲ್ಲಿ ಮುಗೀತು?" ಅಜ್ಜಿ ಧ್ವನಿ ಏರಿಸಲಿಲ್ಲ. "ನನ್ನ ಕೂದಲು ಕಪ್ಪಿದ್ದಾಗ ಹಾಕಿದ ಬೀಗ ಅದು. ಸಾಮಾನು ತಿರುಗಿಸೋಕೆ ಯಾರೂ ಒಳಗೆ ಹೋಗಿಲ್ಲ, ನೀರು ನಿಂತಿಲ್ಲ. ಅಂದ್ಮೇಲೆ ಅಲ್ಲಿರೋ ಸಾಮಾನೆಲ್ಲ ಒಂದಕ್ಕೊಂದು ಅಂಟಿ ಗೋಡೆಯಾಗಿರಬೇಕಿತ್ತು, ಅಲ್ವಾ? ನಾನು ಆಗಾಗ ಗೇಟಿನ ಸಂದಿಯಿಂದ ಟಾರ್ಚ್ ಬಿಟ್ಟು ನೋಡ್ತೀನಿ. ಒಂದೂ ಅಂಟಿಲ್ಲ. ಒಂದಕ್ಕೂ ಗಂಟಿಲ್ಲ. ವಾರಕ್ಕೆ ಕಾಲು ಸುತ್ತು ತಿರುಗಿರತ್ತೆ... ಸುಮಾರು ವರ್ಷದ ಹಿಂದೆ ಒಬ್ಬ ಲಾರಿ ಕ್ಲೀನರ್ ನಿಮ್ಮ ಹಾಗೇ ಮಳೆ ಅಂತ ಗೇಟು ಹಾರಿ ಒಳಗೆ ಹೋಗಿ, ಕತ್ತಲಲ್ಲಿ ಗೊತ್ತಾಗದೆ ತೊಟ್ಟಿನ ಕೆಳಗೇ ಮಲಗಿದ. ಗಟ್ಟಿಮುಟ್ಟಾದ ಆಳು. ಪಾಪ, ಕೊಕ್ಕೆಗೇನು ಅವನ ಮೇಲೆ ದ್ವೇಷವಾ? ನೀರಿನ ಕೆಳಗೆ ಒಂದು ಹೊಸ ಸಾಮಾನು ಬಂದಿದೆ, ಮಗ್ಗುಲು ಬದಲಿಸಬೇಕು, ಅಷ್ಟೇ ಅವನಿಗೆ ಗೊತ್ತಿರೋದು. ಈಗ ಅವನ ಮುಖ ಹಿಂದಕ್ಕಿದೆಯಲ್ಲ, ತಾನು ತಿರುಗಿಸ್ತಿರೋದು ಯಾವುದನ್ನ ಅಂತ ಅವನಿಗೆ ಕಾಣಲ್ಲ. ಬೆಳಗ್ಗೆ ನಾನೇ ಹೋಗಿ ನೋಡಿದ್ದು. ಮಲಗಿದ್ದ ಭಂಗಿ ಹಾಗೇ ಇತ್ತು. ತಲೆ ಮಾತ್ರ..."

ಅಜ್ಜಿ ಮಾತು ಮುಗಿಸದೆ ಎದ್ದು, ಗೋಡೆಯ ಮೊಳೆಯಿಂದ ಟಾರ್ಚ್ ತೆಗೆದು ಕ್ಯಾಮೆರಾದವನ ಮುಂದೆ ಚಾಚಿದಳು. "ತಗೋ. ಕೊಡ್ತೀನಿ ಅಂದಿದ್ದೆ."

ಅವನು ತೆಗೆದುಕೊಳ್ಳಲಿಲ್ಲ. ಬೆಂಚಿನ ಮೇಲೆ ಬ್ಯಾಗನ್ನು ದಿಂಬು ಮಾಡಿಕೊಂಡು, "ಇಲ್ಲೇ ಪರವಾಗಿಲ್ಲ" ಎಂದ. ಬಟ್ಟೆ ವ್ಯಾಪಾರಿ ಗಂಟು ಬಿಚ್ಚಿ, ಮಾರುವ ಹೊದಿಕೆಗಳನ್ನೇ ಎಲ್ಲರಿಗೂ ಒಂದೊಂದು ಕೊಟ್ಟ. ಯಾರೂ ಬೆಲೆ ಕೇಳಲಿಲ್ಲ, ಅವನೂ ಹೇಳಲಿಲ್ಲ. ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಕಾಲು ಮಡಚಿದರು. ಎಲ್ಲರಿಗೂ ಜಾಗ ಸಾಕಾಯಿತು. ಒಬ್ಬರೂ ಗುಹೆಯ ಮಾತೆತ್ತಲಿಲ್ಲ. ಕಂಡಕ್ಟರಮ್ಮನಿಗೆ ಅಷ್ಟೇ ಬೇಕಿತ್ತು. ಕತೆ ಸುಳ್ಳಾದರೂ ಸರಿ, ಒಳ್ಳೆಯ ಕೆಲಸ ಮಾಡಿತು ಎಂದುಕೊಂಡಳು. ಮುದುಕಿ ಜಾಣೆ, ಜಾರುವ ಬಂಡೆಯ ಕೆಳಗೆ ಇಷ್ಟು ಜನ ಹೋಗಿ ಮಲಗುವುದನ್ನು ಬೈಯದೆ, ತಡೆಯದೆ ತಪ್ಪಿಸಿಬಿಟ್ಟಳು.

ಬಾಗಿಲ ಚಿಲಕ ಹಾಕಲು ಅವಳೇ ಎದ್ದಳು. ಡ್ರೈವರ್ ಒಲೆಯ ಆಚೆ ಗೊರಕೆ ಹೊಡೆಯುತ್ತಿದ್ದ. ಕತೆ ಶುರುವಾದಾಗಿನಿಂದ ಬಾಗಿಲ ಕಡೆ ಯಾರೂ ಬಂದಿರಲಿಲ್ಲ. ಬಂದಿದ್ದರೆ ಅವಳ ಕಾಲು ದಾಟಿಯೇ ಬರಬೇಕಿತ್ತು. ಚಿಲಕಕ್ಕೆ ಕೈ ಹಾಕಿದವಳು ಅಲ್ಲೇ ನಿಂತಳು.

ಕಟ್ಟೆಯ ಮೇಲಿನ ಕೆಟಲ್‌ನ ಮೂತಿ ಗೋಡೆಯ ಕಡೆಗಿರಲಿಲ್ಲ. ಕಾಲು ಸುತ್ತು ತಿರುಗಿ ಬಾಗಿಲ ಕಡೆಗಿತ್ತು. ಬಿಳಿ ಕಲ್ಲಿನ ಮೇಲೆ, ಈಗಷ್ಟೇ ಒದ್ದೆ ಕೈಯೊಂದು ಹಿಡಿದು ಬಿಟ್ಟಂತೆ, ಬೆರಳುಗಳ ಗುರುತು ಇನ್ನೂ ಆರಿರಲಿಲ್ಲ.

ಹಿಂದಿನಿಂದ ಅಜ್ಜಿ ಬಂದು, ದಿನವೂ ಮಾಡುವ ಕೆಲಸದಂತೆ ಅದನ್ನು ಸೆರಗಿನಿಂದ ಒರೆಸಿ, ಮೂತಿಯನ್ನು ಮತ್ತೆ ಗೋಡೆಗೆ ತಿರುಗಿಸಿದಳು.

"ಇವತ್ತು ಶುಕ್ರವಾರ ಅಲ್ವಾ," ಎಂದಳು ತಗ್ಗಿದ ದನಿಯಲ್ಲಿ. "ತಾನು ಬೆಳೆಸಿದ್ದು ಎಲ್ಲಿದ್ರೂ ಹುಡ್ಕೊಂಡು ಬರ್ತಾನೆ. ಬರಲಿ, ಕೆಟಲ್ ತಿರುಗಿಸಿ ಹೋಗ್ತಾನೆ, ಇಷ್ಟು ವರ್ಷ ಇನ್ನೇನೂ ಮಾಡಿಲ್ಲ. ಆದ್ರೆ ಇಷ್ಟು ಜನ ಇಲ್ಲಿ ಯಾವತ್ತೂ ಮಲಗಿರಲಿಲ್ಲ..." ಅವಳು ಸೋರುತ್ತಿದ್ದ ಚಾವಣಿಯನ್ನೂ, ಅದರ ಕೆಳಗೆ ಸಾಲಾಗಿ ಮಲಗಿದ್ದವರನ್ನೂ ಒಮ್ಮೆ ನೋಡಿ, ಕಂಡಕ್ಟರಮ್ಮನ ಭುಜ ತಟ್ಟಿದಳು.

"ಹೋಗಿ ಮಲಗು ತಾಯಿ. ಮಗ್ಗುಲು ಮಾತ್ರ ನೀನೇ ಬದಲಿಸ್ಕೋ."